ಸಿಗಾರ್ ಡಬ್ಬಿಯ ಗಿಟಾರ್‌ಗೆ ಬ್ರಿಡ್ಜ್ ಎಲ್ಲಿಡಬೇಕು?

ಸಿಗಾರ್ ಡಬ್ಬಿಯಿಂದ ಮಾಡಿದ ಗಿಟಾರ್‌ನಲ್ಲಿ ಬಿಟ್ಟ ತಂತಿ (ಎಲ್ಲೂ ಒತ್ತದೆ ಮೀಟಿದ್ದು) ಶ್ರುತಿಯಲ್ಲೇ ಇದೆ, ಡಬ್ಬಿಯ ಕಡೆಯ ಮೇಲಿನ ಫ್ರೆಟ್‌ಗಳಲ್ಲಿ (ಕುತ್ತಿಗೆಯ ಅಡ್ಡಪಟ್ಟಿಗಳಲ್ಲಿ) ಮಾತ್ರ ಅಪಶ್ರುತಿ ಅಂದಿರಿ ಅಲ್ವಾ? ಹೆಚ್ಚಾಗಿ ಬ್ರಿಡ್ಜ್, ಅಂದರೆ ಡಬ್ಬಿಯ ಮೇಲೆ ತಂತಿಗಳನ್ನು ಹೊರುವ ತುಂಡು, ಜಾಗ ತಪ್ಪಿರುತ್ತದೆ. ಅದನ್ನು ಅಂಟಿಸಲೇಬೇಡಿ, ತಂತಿಯ ಬಿಗಿತವೇ ಹಿಡಿದಿಡುತ್ತದೆ.

ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ವರೆಗೆ ಅಳೆಯಿರಿ. ನಟ್‌ನಿಂದ ಅದರ ಎರಡರಷ್ಟು ದೂರದಲ್ಲಿ ಬ್ರಿಡ್ಜ್ ಇಡಿ. 12.5 ಇಂಚು ಬಂದರೆ ಬ್ರಿಡ್ಜ್ 25 ಇಂಚಿಗೆ. ಈಗ ಕಿವಿಯ ಕೆಲಸ. 12ನೇ ಫ್ರೆಟ್ ಮೇಲೆ ಒತ್ತದೆ, ಸುಮ್ನೆ ಬೆರಳು ತಾಗಿಸಿ ಮೀಟಿ. ಆಮೇಲೆ ಒತ್ತಿ ಮೀಟಿ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜನ್ನು ಹಿಂದಕ್ಕೆ, ಇಳಿದಿದ್ದರೆ ನಟ್ ಕಡೆಗೆ ಸರಿಸಿ. ದಪ್ಪ ತಂತಿಯ ಕಡೆ ತುಸು ಜಾಸ್ತಿ ಹಿಂದೆ ಹೋಗಿ ಬ್ರಿಡ್ಜ್ ಓರೆಯಾದರೆ ಅದು ಸರಿಯೇ.

3 ತಂತಿಗೆ ಜಿ-ಡಿ-ಜಿ (ಪಾಶ್ಚಾತ್ಯ ಸ್ವರಗಳು) ಶ್ರುತಿ ನನಗೆ ತುಂಬಾ ಇಷ್ಟ. ಗಿಟಾರ್ ಸೆಟ್‌ನ 5, 4, 3ನೇ ತಂತಿ ಹಾಕಿ, 5ನೆಯದನ್ನು ಎ ಬದಲು ಜಿಗೆ ಇಳಿಸಿ.