ಸಂಬಳಕ್ಕೆ ಕತ್ತರಿ ಬಿತ್ತೆ? ಆ ಕಾಗದ ಯಾರದ್ದು, ಮೊದಲು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ನೋವಿನವು. ಸಾಲ ತೀರಿಲ್ಲ, ಸಂಬಳಕ್ಕೆ ಕೈ ಹಾಕಿದ್ದಾರೆ ಅಥವಾ ಹಾಕುತ್ತೇವೆ ಎಂದು ಹೆದರಿಸಿದ್ದಾರೆ. ನಾನು ವಕೀಲೆ ಅಲ್ಲ. ಸಾಗರದ ಒಂದು ಕಚೇರಿಯಲ್ಲಿ ಸಂಬಳದ ಬಿಲ್ಲು ಬರೆಯುತ್ತಲೇ 31 ವರ್ಷ ಕಳೆದವಳು. ಬೇರೆಯವರ ಸಂಬಳದಿಂದ ಕಟಾವು ಮಾಡಿ ಕೋರ್ಟಿಗೆ ಹಣ ಕಳಿಸಿದ್ದೇನೆ. ನನ್ನ ಸಂಬಳದಿಂದಲೂ ಒಮ್ಮೆ ಕಟಾವಾಗಿದೆ. ಆ ಕಥೆ ಎರಡನೇ ಉತ್ತರದಲ್ಲಿದೆ.

ಪ್ರಶ್ನೆ: ಅಕ್ಕಾ, ತೀರ್ಥಹಳ್ಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಗುಮಾಸ್ತ ನಾನು. ಎಲ್ಲಾ ಸೇರಿ ತಿಂಗಳಿಗೆ 28,000 ರೂಪಾಯಿ. ಮೊದಲು ಶಿವಮೊಗ್ಗದಲ್ಲಿದ್ದಾಗ ಅಪ್ಪನ ಆಪರೇಷನ್ನಿಗೆಂದು ಒಂದು ಫೈನಾನ್ಸಿನಲ್ಲಿ ಸಾಲ ಮಾಡಿದ್ದೆ. ಆಮೇಲೆ ಕೆಲಸ ಹೋಯಿತು, ಕಂತು ನಿಂತಿತು. ಹೋದ ವಾರ ಕಾಲೇಜಿಗೆ ಕೋರ್ಟಿನಿಂದ ಸಂಬಳ ಜಪ್ತಿಯ ಆದೇಶ ಬಂದಿದೆ. ಕೇಸು ನಡೆದದ್ದೇ ನನಗೆ ಗೊತ್ತಿಲ್ಲ. ಪ್ರಿನ್ಸಿಪಾಲರ ಮುಂದೆ ನಿಲ್ಲಲು ನಾಚಿಕೆ. ಪೂರ್ತಿ ಸಂಬಳ ಹೋಗುತ್ತದಾ? ಕೆಲಸ ಬಿಟ್ಟುಬಿಡಲಾ?

ಉತ್ತರ: ಕೆಲಸ ಮಾತ್ರ ಬಿಡಬೇಡಿ ಮಾರಾಯ್ರೇ. ಕೆಲಸ ಬಿಟ್ಟರೆ ಸಂಬಳ ನಿಲ್ಲುತ್ತದೆ, ಡಿಕ್ರಿ, ಅಂದರೆ ಹಣ ಕಟ್ಟಿ ಎಂಬ ಕೋರ್ಟಿನ ತೀರ್ಪು, ನಿಲ್ಲುವುದಿಲ್ಲ. ಅದಕ್ಕೆ 12 ವರ್ಷ ಆಯಸ್ಸು. ಸಂಬಳ ಸಿಗದಿದ್ದರೆ ಬೈಕು, ಜಾಗ, ಬ್ಯಾಂಕ್ ಖಾತೆ ಅಂತ ಹುಡುಕಿಕೊಂಡು ಬರುತ್ತಾರೆ.

ಪೂರ್ತಿ ಸಂಬಳ ಹೋಗುವುದೂ ಇಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಲೆಕ್ಕ ಕೊಟ್ಟಿದ್ದಾರೆ. ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. ನಿಮ್ಮ 28,000ದಲ್ಲಿ 1,000 ತೆಗೆದರೆ 27,000. ಅದರ ಮೂರರಲ್ಲಿ ಒಂದು ಪಾಲು 9,000. ಹೆಚ್ಚೆಂದರೆ ಅಷ್ಟೇ ಹೋಗುವುದು, 19,000 ನಿಮ್ಮ ಕೈಗೆ ಬರಬೇಕು. ಆ ಮೊದಲ 1,000 ಹಿಂದೆ 400 ಇತ್ತು. 2002ರ ಜುಲೈಯಿಂದ 1,000 ಆಯಿತು, ಆಮೇಲೆ ಅಲ್ಲಾಡಿಲ್ಲ. ಈಗ ಒಂದು ಗ್ಯಾಸ್ ಸಿಲಿಂಡರು ತಂದರೆ ಮುಗಿಯಿತು ಅದು. ಇರಲಿ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಲೆಕ್ಕ ಬೇರೆ. ಅಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ನಿಮ್ಮದು ಅದಲ್ಲ.

ಈಗ ಯಾರೂ ಹೇಳದ ಮಾತು. ಒಂದೇ ಡಿಕ್ರಿಗೆ ಸಂಬಳ ಕಟಾವು ಒಟ್ಟು 24 ತಿಂಗಳು ಮಾತ್ರ. ಮಧ್ಯೆ ಬಿಟ್ಟು ಬಿಟ್ಟು ಆದರೂ ಎಲ್ಲ ಕೂಡಿಸಿ 24. ಅದಾದ ಮೇಲೆ ಆ ಡಿಕ್ರಿಗೆ ನಿಮ್ಮ ಸಂಬಳ ಮುಟ್ಟುವಂತಿಲ್ಲ. ಸಾಲ ಕೊಟ್ಟ ಬೇರೆಯವರ ಡಿಕ್ರಿ ಇದ್ದರೂ 12 ತಿಂಗಳು ಬಿಡುವು ಕೊಡಬೇಕು. ಆದರೆ ತಿಂಗಳು ಎಣಿಸುವವರು ಯಾರು? ಫೈನಾನ್ಸಿನವರು ಎಣಿಸುವುದಿಲ್ಲ. ಬಿಲ್ಲು ಬರೆಯುವವರು ಬದಲಾಗುತ್ತಾ ಇರುತ್ತಾರೆ. ನಾನು ವರ್ಗವಾಗಿ ಒಂದು ಸೆಕ್ಷನ್ನಿಗೆ ಹೋದಾಗ ಅಲ್ಲಿನ ಚಾಲಕರೊಬ್ಬರಿಗೆ 29ನೇ ತಿಂಗಳ ಕಟಾವು ನಡೆಯುತ್ತಿತ್ತು. ಹಳೆಯ ಬಿಲ್ಲು ನೋಡಿ ಬರೆದುಕೊಂಡು ಹೋದವರೇ ಎಲ್ಲ. ಅವರೂ ಕೇಳಿರಲಿಲ್ಲ, ಪಾಪ. ಅದಕ್ಕೇ ಹೇಳುವುದು, ಪ್ರತಿ ತಿಂಗಳ ಪೇ ಸ್ಲಿಪ್ ಒಂದು ದಾರಕ್ಕೆ ಪೋಣಿಸಿಡಿ.

ಇನ್ನೊಂದು ಸಾಲದ ಜಪ್ತಿ ಆದೇಶವೂ ಬಂದರೆ? ಇನ್ನೂ 9,000 ಹೋಗುವುದಿಲ್ಲ. ಕಟಾವಿನ ಪಾಲು ಇರುವುದು ಒಂದೇ. ಅದು ಮೊದಲ ಆದೇಶಕ್ಕೇ ಪೂರ್ತಿ ಹೋಗುತ್ತಿದ್ದರೆ ಎರಡನೆಯದನ್ನು ನಾವು ವಿವರ ಬರೆದು ಕೋರ್ಟಿಗೆ ವಾಪಸ್ ಕಳಿಸುತ್ತಿದ್ದೆವು. ನಿಯಮ ಇರುವುದೇ ಹಾಗೆ. ಸಣ್ಣ ಸಂಸ್ಥೆಗಳ ಗುಮಾಸ್ತರಿಗೆ ಇದು ಗೊತ್ತಿರುವುದಿಲ್ಲ. ನೀವೇ ಗುಮಾಸ್ತರು, ಈಗ ಗೊತ್ತಾಯಿತಲ್ಲ.

ಇನ್ನು ಗೊತ್ತೇ ಆಗದೆ ನಡೆದ ಕೇಸಿನ ವಿಷಯ. ನೀವು ಹಾಜರಾಗದೆ ಏಕಪಕ್ಷೀಯ ಡಿಕ್ರಿ ಆಗಿದೆ. ಸಮನ್ಸು ಶಿವಮೊಗ್ಗದ ಹಳೆಯ ಬಾಡಿಗೆ ಮನೆಗೆ ಹೋಗಿರಬೇಕು. ಸಮನ್ಸು ಸರಿಯಾಗಿ ತಲುಪಿರದಿದ್ದರೆ ಡಿಕ್ರಿ ರದ್ದು ಮಾಡಿ ಎಂದು ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಡಿಕ್ರಿ ಆದದ್ದು ನಿಮಗೆ ಗೊತ್ತಾದ ದಿನದಿಂದ 30 ದಿನದ ಒಳಗೆ ಹಾಕಬೇಕು. ಒಂದು ವಾರ ಆಗಲೇ ಹೋಯಿತು, ಹಾಗಾಗಿ ಈ ಪತ್ರಿಕೆ ಮಡಚಿಟ್ಟು ನಾಳೆಯೇ ಹೊರಡಿ. ಆದರೆ ಒಂದು ಮಾತು, ನಿಜ ಹೇಳಿ. ಅಂಚೆಯವನು ತಂದ ಕಾಗದವನ್ನು ಬೇಡ ಎಂದು ತಿರುಗಿಸಿದ್ದರೆ ಅದು ತಲುಪಿದಂತೆಯೇ ಲೆಕ್ಕ. ನಮ್ಮ ಕಚೇರಿಯ ಅಟೆಂಡರೊಬ್ಬರು ಬಂದ ಲಕೋಟೆಗಳನ್ನೆಲ್ಲ ಒಡೆಯದೆ ಅಕ್ಕಿ ಡಬ್ಬಿಯ ಕೆಳಗೆ ಇಡುತ್ತಿದ್ದರು. ಒಡೆಯದಿದ್ದರೆ ಸಾಲ ಬರುವುದಿಲ್ಲ ಅಂತ ಅವರ ನಂಬಿಕೆ. ಡಬ್ಬಿ ಖಾಲಿಯಾದ ತಿಂಗಳೇ ಜಪ್ತಿಗೆ ಕೋರ್ಟಿನ ಅಮೀನ ಬಂದ.

ಡಿಕ್ರಿ ರದ್ದಾಗುತ್ತದೋ ಇಲ್ಲವೋ, ಸಾಲ ಮಾಡಿದ್ದು ನಿಜ ತಾನೇ? ಹಾಗಾಗಿ ಮಾತುಕತೆಯ ದಾರಿಯನ್ನೂ ಬಿಡಬೇಡಿ. ಡಿಕ್ರಿ ಆದ ಮೇಲೂ ಎದುರಿನವರು ಒಪ್ಪಿದರೆ ಕೋರ್ಟು ಕಂತು ಮಾಡಿಕೊಡುತ್ತದೆ. ಅದರ ಅರ್ಜಿಗೂ ಡಿಕ್ರಿ ದಿನದಿಂದ 30 ದಿನದ ವಾಯಿದೆ ಇದೆ. ಅದು ದಾಟಿದ್ದರೆ ಲೋಕ ಅದಾಲತ್ತಿನಲ್ಲಿ ರಾಜಿಗೆ ಇಡಿ ಎಂದು ಕೇಳಿ, ಅಲ್ಲಿ ಕೋರ್ಟ್ ಫೀ ಇಲ್ಲ. ನಾನು ಕಂಡ ಮಟ್ಟಿಗೆ, ತಿಂಗಳು ತಿಂಗಳು ಚೂರು ಚೂರು ಬರುವುದಕ್ಕಿಂತ ಒಮ್ಮೆಲೇ ಒಂದು ಮೊತ್ತ ಸಿಗುತ್ತದೆ ಎಂದರೆ ಫೈನಾನ್ಸಿನವರು ಬಡ್ಡಿ ಬಿಡುತ್ತಾರೆ. ಅಡಿಕೆ ಕೊಯ್ಲಿನ ಹೊತ್ತಿಗೆ ಮನೆಯವರು ಕೈಗೂಡಿಸುವ ಹಾಗಿದ್ದರೆ ಅದಕ್ಕೆ ಮೊದಲೇ ಮಾತು ಶುರು ಮಾಡಿ. ರಾಜಿ ಆದರೆ ಕೋರ್ಟಿನಲ್ಲೇ ದಾಖಲಿಸಿ. ಹೊರಗೆ ಕೊಟ್ಟು ಸುಮ್ನೆ ಬಂದರೆ, ಜಾರಿ ಮಾಡುವ ಕೋರ್ಟಿನ ಕಣ್ಣಿಗೆ ಅದು ಕೊಟ್ಟಂತೆಯೇ ಅಲ್ಲ.

ಪ್ರಿನ್ಸಿಪಾಲರ ಮುಂದೆ ನಾಚಿಕೆ ಬೇಡ. ಆ ಆದೇಶ ಬಂದ ಮೇಲೆ ಕಟಾವು ಮಾಡದಿದ್ದರೆ ಆ ಹಣಕ್ಕೆ ಕಾಲೇಜೇ ಹೊಣೆಯಾಗುತ್ತದೆ. ಅವರು ಮಾಡುತ್ತಿರುವುದು ಅಷ್ಟೇ. ನಿಮ್ಮ ಪಿ.ಎಫ್. ಹಣವನ್ನಂತೂ ಈ ಡಿಕ್ರಿಗೆ ಯಾರೂ ಮುಟ್ಟಲಾರರು.

ಪ್ರಶ್ನೆ: ಹೊಸನಗರ ತಾಲೂಕಿನ ಶಾಲಾ ಶಿಕ್ಷಕಿ. ನೌಕರರ ಸಹಕಾರ ಸಂಘದಲ್ಲಿ ಜೊತೆಯ ಮೇಷ್ಟ್ರು ಸಾಲ ತೆಗೆದಾಗ ಜಾಮೀನು ಸಹಿ ಹಾಕಿದ್ದೆ. ಅವರು ಕಟ್ಟುತ್ತಿಲ್ಲ. ಈಗ ನನ್ನ ಸಂಬಳದಿಂದ ತಿಂಗಳಿಗೆ 6,500 ಹಿಡಿಯುತ್ತಿದ್ದಾರೆ. ಕೋರ್ಟೂ ಇಲ್ಲ, ಕೇಸೂ ಇಲ್ಲ. ಇದು ಹೇಗೆ ಸರಿ ಅಕ್ಕಾ?

ಉತ್ತರ: 1998ರಲ್ಲಿ ಇದೇ ಪ್ರಶ್ನೆಯನ್ನು ನಾನು ನಮ್ಮ ಸೂಪರಿಂಟೆಂಡೆಂಟರಿಗೆ ಕೇಳಿದ್ದೆ. ಪಕ್ಕದ ಮೇಜಿನವರು, ಮನೆಗೆ ಬಂದು ಕಾಫಿ ಕುಡಿದು, "ಬರೀ ಒಂದು ಸಹಿ ಮೇಡಂ" ಎಂದಿದ್ದರು. ಆಮೇಲೆ ದೂರದ ಊರಿಗೆ ವರ್ಗ ಮಾಡಿಸಿಕೊಂಡರು. ನನ್ನ ಸಂಬಳದಿಂದ ತಿಂಗಳಿಗೆ 640 ರೂಪಾಯಿ, 22 ತಿಂಗಳು ಹೋಯಿತು. ತಮಾಷೆ ಎಂದರೆ ಆ ಕಟಾವನ್ನು ಪ್ರತಿ ತಿಂಗಳೂ ಬಿಲ್ಲಿನಲ್ಲಿ ಬರೆಯುತ್ತಿದ್ದವಳು ನಾನೇ. ಸೂಪರಿಂಟೆಂಡೆಂಟರು ನಾನು ಸಹಿ ಮಾಡಿದ ಕಾಗದ ತರಿಸಿ ಮುಂದಿಟ್ಟರು. ಮೂರನೇ ಪುಟದಲ್ಲಿ, ಬಾಕಿಯನ್ನು ನನ್ನ ಸಂಬಳದಿಂದ ಹಿಡಿಯಬಹುದು ಎಂದು ನಾನೇ ಒಪ್ಪಿದ್ದೆ. ಓದಿರಲಿಲ್ಲ.

ನಿಮ್ಮದೂ ಅದೇ. ಇದು ಜಪ್ತಿ ಅಲ್ಲ, ನಿಮ್ಮ ಒಪ್ಪಿಗೆಯ ಕಟಾವು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲೇ ಇದಕ್ಕೆ ಅವಕಾಶ ಇದೆ. ಸಂಘ ಬರೆದರೆ ಸಂಬಳ ಕೊಡುವವರು ಹಿಡಿದು ಕಳಿಸಬೇಕು, ಕೋರ್ಟಿನ ಡಿಕ್ರಿ ಬೇಕಿಲ್ಲ. ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ. ಮೊದಲು ಅವರ ಹಿಂದೆ ಹೋಗಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಕಾನೂನಿನ ಪ್ರಕಾರ ಹೇಳಲಾಗದು.

ಆದರೆ ಕೈಕಟ್ಟಿ ಕೂರಬೇಕಿಲ್ಲ. ಸಂಘದಿಂದ ಸಾಲದ ಖಾತೆಯ ಪೂರ್ತಿ ವಿವರ ಬರವಣಿಗೆಯಲ್ಲಿ ಕೇಳಿ. ಅಸಲು ಎಷ್ಟು, ಬಡ್ಡಿ ಎಷ್ಟು, ಮೇಷ್ಟ್ರ ಷೇರು ಹಣ, ಠೇವಣಿ ಜಮಾ ಮಾಡಿಕೊಂಡಿದ್ದಾರಾ ನೋಡಿ. ಮೇಷ್ಟ್ರು ಇನ್ನೂ ನೌಕರಿಯಲ್ಲಿದ್ದಾರೆ ಎಂದಾದರೆ ಅವರ ಸಂಬಳ ಬಿಟ್ಟು ನಿಮ್ಮದಕ್ಕೆ ಏಕೆ ಬಂದಿರಿ ಎಂದು ಆಡಳಿತ ಮಂಡಳಿಗೆ ಅರ್ಜಿ ಕೊಡಿ. ಕಾನೂನು ನಿಮ್ಮ ಪರ ಇಲ್ಲದಿದ್ದರೂ, ಸಂಘದ ನಿರ್ದೇಶಕರು ನಿಮ್ಮಂಥ ಸದಸ್ಯರ ಓಟಿನಿಂದಲೇ ಗೆದ್ದವರು. ನನ್ನ ಕೇಸಿನಲ್ಲಿ ಕಟಾವು 22ಕ್ಕೆ ನಿಂತದ್ದು ಹಾಗೆಯೇ, ಉಳಿದದ್ದನ್ನು ಸಾಲ ತೆಗೆದವರ ಸಂಬಳದಿಂದಲೇ ಹಿಡಿದರು. ಇನ್ನೊಬ್ಬ ಜಾಮೀನುದಾರರಿದ್ದರೆ ಹೊರೆ ಇಬ್ಬರಿಗೂ ಸಮ. ಲೆಕ್ಕದಲ್ಲಿ ತಕರಾರಿದ್ದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಮುಂದೆ ಹಾಕಬಹುದು.

ನೀವು ಕಟ್ಟಿದ ಪ್ರತಿ ರೂಪಾಯಿಯನ್ನೂ ಮೇಷ್ಟ್ರಿಂದ ವಸೂಲು ಮಾಡುವ ಹಕ್ಕು ನಿಮಗಿದೆ. ಕಟ್ಟಿದ ದಿನದಿಂದ ಮೂರು ವರ್ಷದ ಒಳಗೆ ದಾವೆ ಹಾಕಬೇಕು. ನಾನು ಹಾಕಲಿಲ್ಲ. ಅವರ ಹೆಂಡತಿ ನನ್ನ ಜೊತೆ ಓದಿದವಳು. ಈಗಲೂ ಮದುವೆ ಮನೆಯಲ್ಲಿ ಸಿಕ್ಕರೆ ಇಬ್ಬರೂ ಹವಾಮಾನ ಮಾತಾಡುತ್ತೇವೆ. 14,080 ರೂಪಾಯಿಯ ಹವಾಮಾನ.

ಪ್ರಶ್ನೆ: ಮಾಚೇನಹಳ್ಳಿ ಕಡೆ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ನನ್ನದು. ಸಂಘದ ಮೇಲೆ ತೆಗೆದ ಕಿರು ಸಾಲದ (ಮೈಕ್ರೋ ಫೈನಾನ್ಸ್) ಎರಡು ಕಂತು ತಪ್ಪಿದೆ. ವಸೂಲಿಯವರು ರಾತ್ರಿ ಒಂಬತ್ತಕ್ಕೆ ಬಂದು, ಪೂರ್ತಿ ಪಗಾರ ಹಿಡಿಯಲು ಒಪ್ಪಿಗೆ ಎಂದು ಬರೆದ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ. ಹಾಕದಿದ್ದರೆ ಜೈಲು ಅಂತಾರೆ.

ಉತ್ತರ: ಸಹಿ ಹಾಕಬೇಡ ತಂಗಿ. ವಸೂಲಿಯವನಿಗೆ ಸಂಬಳ ಜಪ್ತಿ ಮಾಡುವ ಅಧಿಕಾರ ಇಲ್ಲ, ಅದು ಕೋರ್ಟಿನ ಕೆಲಸ. ಕೋರ್ಟಿಗೆ ಹೋದರೂ ಅದೇ 60ನೇ ಕಲಮಿನಲ್ಲಿ ಕೂಲಿ ಕಾರ್ಮಿಕರ ಪಗಾರಕ್ಕೆ ಪೂರ್ತಿ ರಕ್ಷಣೆ ಇದೆ. ಮೂರರಲ್ಲಿ ಒಂದು ಪಾಲೂ ಇಲ್ಲ. ಕಾರ್ಮಿಕರು ಎಂದರೆ ಕುಶಲ ಕೆಲಸದವರೂ ಸೇರಿದರು, ಬೋನಸ್ಸೂ ಸೇರಿತು. ನಾನು ಮಾಡುವುದು ಮಿಷನ್ ಮುಂದೆ ಕೈಕೆಲಸ ಎಂದು ಕೋರ್ಟಿಗೆ ನೀನು ಹೇಳಬೇಕು, ಅಷ್ಟೇ. ಈ ರಕ್ಷಣೆ ಬೇಡ ಎಂದು ಬರೆದುಕೊಟ್ಟರೂ ಆ ಬರಹಕ್ಕೆ ಬೆಲೆ ಇಲ್ಲ, ಅದೂ ಅದೇ ಕಲಮಿನಲ್ಲಿದೆ.

ಜೈಲಿನ ಮಾತು ಸುಳ್ಳು. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಆದರೆ ಸಾಲ ತೆಗೆಯುವಾಗ ಖಾತೆಯಿಂದ ಕಂತು ತಾನಾಗಿ ಹೋಗಲು ಒಪ್ಪಿಗೆ ಕೊಟ್ಟಿದ್ದೀಯಾ ನೋಡಿಕೋ. ಹಣ ಇಲ್ಲದೆ ಅದು ವಾಪಸಾದರೆ ದಂಡ ಬೀಳುತ್ತದೆ, ಚೆಕ್ ಬೌನ್ಸಿನ ಹಾಗೆ ಕೇಸೂ ಆಗಬಹುದು. ಅದೊಂದನ್ನು ಹಗುರಾಗಿ ತಗೋಬೇಡ. ಕಂತಿನ ದಿನಕ್ಕೆ ಮೊದಲೇ ಅವರ ಕಚೇರಿಗೆ ಹೋಗಿ ಅವಧಿ ಹೆಚ್ಚಿಸಿ ಕಂತು ಇಳಿಸಿ ಎಂದು ಅರ್ಜಿ ಕೊಟ್ಟು, ನಕಲಿಗೆ ಸೀಲು ಹಾಕಿಸಿಕೋ.

ರಿಸರ್ವ್ ಬ್ಯಾಂಕಿನ ನಿಯಮದಂತೆ ಕಿರು ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಪೀಡಿಸುವಂತಿಲ್ಲ. ಸಾಲ ಕೊಟ್ಟವರಿಗೆ ದೂರು ಬರೆದು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ದೂರು ಕೇಳುವ ಅಧಿಕಾರಿ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. ಕಿರು ಸಾಲದ ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಜೈಲಿನ ಮಾತು ಆಡುವವನಿಗೆ ಇದನ್ನು ಒಮ್ಮೆ ಹೇಳಿ ನೋಡು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನು ಮಾಡು, ಇಲ್ಲವೇ ಶಿವಮೊಗ್ಗದ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಲ್ಲಿ ಎಂದು ಕೇಳು. ರಜೆ ಸಿಗದಿದ್ದರೆ ಮೊದಲು ಫೋನೇ ಮಾಡು. ಹೋಗುವಾಗ ಸಾಲದ ಪಾಸ್‌ಪುಸ್ತಕ, ಪಗಾರದ ಚೀಟಿ, ಅವರು ಸಹಿ ಕೇಳಿದ ಆ ಕಾಗದದ ಫೋಟೊ, ಮೂರೂ ಚೀಲದಲ್ಲಿರಲಿ.