ಓದುಗರ ಪ್ರಶ್ನೆ: ಟೆಕ್ಸಾಸೋ ಕ್ಯಾಲಿಫೋರ್ನಿಯಾನೋ, ಕೈಗೆ ಎಷ್ಟು ಉಳಿಯುತ್ತೆ?

ಪ್ರಶ್ನೆ: ಸಾರ್ ನಮಸ್ತೆ. ನಮ್ಮ ಮಗ ದಾವಣಗೆರೇಲಿ ಇಂಜಿನಿಯರಿಂಗ್ ಮುಗಿಸಿ ಅಮೆರಿಕಾದಲ್ಲಿ ಎಂ.ಎಸ್. ಮಾಡಿದಾನೆ, ಈಗ ಒಪಿಟಿ (ಓದು ಮುಗಿದ ಮೇಲೆ ಸ್ಟೂಡೆಂಟ್ ವೀಸಾದಲ್ಲೇ ಕೆಲಸ ಮಾಡೋ ಅನುಮತಿ) ಮೇಲೆ ಇದಾನೆ, ಎಚ್‌-1ಬಿ ಕೆಲಸದ ವೀಸಾ ಆಗೈತೆ, ಅಕ್ಟೋಬರ್‌ನಿಂದ ಶುರು. ಎರಡು ಆಫರ್ ಬಂದಾವೆ. ಟೆಕ್ಸಾಸಿನ ಆಸ್ಟಿನ್‌ನಲ್ಲಿ ವರ್ಷಕ್ಕೆ 1,20,000 ಡಾಲರ್, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ 1,40,000. ಒಂದು ರೂಮಿನ ಮನೆಗೆ ಬಾಡಿಗೆ ಆಸ್ಟಿನ್‌ನಲ್ಲಿ 1,500 ಅಂತೆ, ಸ್ಯಾನ್ ಹೋಸೆಯಲ್ಲಿ 2,600 ಅಂತೆ. ನಮ್ಮ ಯಜಮಾನ್ರು 20 ಸಾವಿರ ಡಾಲರ್ ಯಾಕೆ ಬಿಡ್ಬೇಕು ಅಂತಾರೆ, ನಮ್ಮ ತಮ್ಮ ಕ್ಯಾಲಿಫೋರ್ನಿಯಾದಲ್ಲಿ 13 ಪರ್ಸೆಂಟ್ ಟ್ಯಾಕ್ಸ್ ಹಿಡೀತಾರೆ ಬೇಡ ಅಂತಾನೆ. ಯಾರ ಮಾತು ಸರಿ? (ಹೆಸರು ಬೇಡ, ವಿದ್ಯಾನಗರ, ದಾವಣಗೆರೆ)

ಉತ್ತರ: ಅಮ್ಮಾ, ಇಬ್ರ ಮಾತೂ ಅರ್ಧ ಸರಿ. ಮೊದಲು ನಿಮ್ಮ ತಮ್ಮನ 13 ಪರ್ಸೆಂಟ್ ವಿಷಯ ಮುಗಿಸೋಣ. ಕ್ಯಾಲಿಫೋರ್ನಿಯಾದಲ್ಲಿ 13.3 ಅನ್ನೋ ರೇಟ್ ಇರೋದು ನಿಜ, ಆದ್ರೆ ಅದು ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟಿದ ಆದಾಯಕ್ಕೆ. ಅಲ್ಲೂ ನಮ್ಮ ಥರಾನೇ ಸ್ಲ್ಯಾಬ್, 1 ಪರ್ಸೆಂಟ್‌ನಿಂದ ಶುರುವಾಗಿ ಮೇಲೆ ಹೋಗುತ್ತೆ, ನಿಮ್ಮ ಮಗನ ಸಂಬಳದ ಕೊನೇ ಭಾಗಕ್ಕೆ 9.3 ಬೀಳುತ್ತೆ, ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕಿದ್ರೆ ಆರು ಪರ್ಸೆಂಟ್ ಚಿಲ್ಲರೆ ಆಗುತ್ತೆ ಅಷ್ಟೇ.

ಟೆಕ್ಸಾಸಲ್ಲಿ ಸಂಬಳದ ಮೇಲೆ ರಾಜ್ಯದ ಇನ್‌ಕಮ್ ಟ್ಯಾಕ್ಸೇ ಇಲ್ಲ. ಫ್ಲೋರಿಡಾ, ವಾಷಿಂಗ್ಟನ್ ರಾಜ್ಯ, ನೆವಾಡಾ, ಟೆನೆಸ್ಸಿ ಇಲ್ಲೆಲ್ಲಾ ಹಂಗೇ, ಒಟ್ಟು 9 ರಾಜ್ಯಗಳಲ್ಲಿ ಇಲ್ಲ. ಆದ್ರೆ ಫೆಡರಲ್ ಅಂದ್ರೆ ಕೇಂದ್ರದ ಟ್ಯಾಕ್ಸು, ಅದ್ರ ಜೊತೆ ಸೋಶಿಯಲ್ ಸೆಕ್ಯುರಿಟಿ (ಅಲ್ಲಿನ ಸರ್ಕಾರಿ ಪಿಂಚಣಿಗೆ) 6.2 ಪರ್ಸೆಂಟ್ ಮತ್ತೆ ಮೆಡಿಕೇರ್ (ವಯಸ್ಸಾದೋರ ಆರೋಗ್ಯ ವಿಮೆಗೆ) 1.45, ಇವು ಯಾವ ರಾಜ್ಯಕ್ಕೆ ಹೋದ್ರೂ ಬಿಡಲ್ಲ.

ಈಗ ಲೆಕ್ಕಕ್ಕೆ ಬರೋಣ. 2025ರ ರೇಟು, ಮದುವೆ ಆಗಿಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್ 15,750 ಅಂತ ಇಟ್ಕೊಂಡೆ. ಆಸ್ಟಿನ್ನಿನ 1,20,000ದಲ್ಲಿ ಫೆಡರಲ್‌ಗೆ ಸುಮಾರು 17,900, ಸೋಶಿಯಲ್ ಸೆಕ್ಯುರಿಟಿ ಮೆಡಿಕೇರ್ ಸೇರಿ 9,180 ಹೋಗುತ್ತೆ, ತಿಂಗಳಿಗೆ ಕೈಗೆ ಬರೋದು ಹತ್ರಹತ್ರ 7,750. ಸ್ಯಾನ್ ಹೋಸೆಯ 1,40,000ದಲ್ಲಿ ಫೆಡರಲ್ ಸುಮಾರು 22,700, ಸೋಶಿಯಲ್ ಸೆಕ್ಯುರಿಟಿ ಮೆಡಿಕೇರ್ 10,710, ರಾಜ್ಯದ ಟ್ಯಾಕ್ಸ್ ಒಂಬತ್ತು ಸಾವಿರದ ಹತ್ರ, ಮತ್ತೆ ಕ್ಯಾಲಿಫೋರ್ನಿಯಾದಲ್ಲಿ ಎಸ್‌ಡಿಐ ಅಂತ, ಕಾಯಿಲೆ ಬಿದ್ದು ಕೆಲಸ ಮಾಡೋಕಾಗದಿದ್ರೆ ದುಡ್ಡು ಕೊಡೋ ರಾಜ್ಯದ ವಿಮೆಗೆ, ಇನ್ನೊಂದು 1.2 ಪರ್ಸೆಂಟ್ ಕಟ್ ಮಾಡ್ತಾರೆ, ಅದನ್ನ ಆಫರ್ ಲೆಟರ್ ನೋಡಿ ಖುಷಿಪಡೋ ಹುಡುಗ್ರು ಯಾರೂ ಲೆಕ್ಕಕ್ಕೇ ತಗೊಳಲ್ಲ, ಅದು 1,680. ಎಲ್ಲಾ ಕಳೆದು ತಿಂಗಳಿಗೆ ಸುಮಾರು 8,000. ಅಂದ್ರೆ ವರ್ಷಕ್ಕೆ 20 ಸಾವಿರ ಜಾಸ್ತಿ ಅಂದಿದ್ದು ತಿಂಗಳಿಗೆ 250 ಡಾಲರಿಗೆ ಬಂದು ನಿಲ್ತು. ಹೆಲ್ತ್ ಇನ್ಶೂರೆನ್ಸ್, 401ಕೆ (ನಿವೃತ್ತಿಗೆ ಉಳಿಸೋ ಖಾತೆ, ನಮ್ಮ ಪಿಎಫ್ ಥರ) ಕಟ್ ಆಗೋದು ಎರಡು ಕಡೆನೂ ಬೇರೆ.

ಇನ್ನು ಬಾಡಿಗೆ ಕಳೀರಿ. ಆಸ್ಟಿನ್‌ನಲ್ಲಿ 6,250 ಉಳಿಯುತ್ತೆ, ಸ್ಯಾನ್ ಹೋಸೆಯಲ್ಲಿ 5,400. ಕಮ್ಮಿ ಸಂಬಳದ ಕೆಲಸದಲ್ಲೇ ತಿಂಗಳಿಗೆ 850 ಡಾಲರ್ ಜಾಸ್ತಿ ಉಳೀತಿದೆ! ಟ್ಯಾಕ್ಸಿಗಿಂತ ಬಾಡಿಗೆ ದೊಡ್ಡ ಹೊಡೆತ ಕೊಡ್ತಿದೆ, ಅದಕ್ಕೇ ನಾನು ಯಾರು ಕೇಳಿದ್ರೂ ಟ್ಯಾಕ್ಸ್ ಪರ್ಸೆಂಟ್ ನೋಡಿ ಊರು ಆರಿಸ್ಬೇಡಿ, ಬಾಡಿಗೆ ಕಟ್ಟಿದ ಮೇಲೆ ಉಳಿಯೋದನ್ನ ನೋಡಿ ಅಂತೀನಿ. ಮಗ ಸ್ಯಾನ್ ಹೋಸೆಯಲ್ಲಿ ಫ್ರೆಂಡ್ ಜೊತೆ ಮನೆ ಶೇರ್ ಮಾಡಿದ್ರೆ ಈ ಲೆಕ್ಕ ಉಲ್ಟಾನೂ ಆಗ್ಬೋದು, ಅದನ್ನ ಅವನ್ನೇ ಕೇಳಿ.

ಸ್ಯಾನ್ ಹೋಸೆ ಕಂಪನಿ ಜೊತೆ ಮಾತಾಡೋಕೂ ಈ ಲೆಕ್ಕ ಬರುತ್ತೆ. ಆ ಮಟ್ಟದ ಸಂಬಳದಲ್ಲಿ ಅವ್ರು ಹೊಸದಾಗಿ 100 ಡಾಲರ್ ಏರಿಸಿದ್ರೆ 24 ಫೆಡರಲ್, 9.3 ರಾಜ್ಯ, ಸೋಶಿಯಲ್ ಸೆಕ್ಯುರಿಟಿ ಮೆಡಿಕೇರ್ ಸೇರಿ 7.65, ಎಸ್‌ಡಿಐ 1.2 ಎಲ್ಲಾ ಹೋಗಿ 58 ಮಾತ್ರ ಕೈಗೆ ಸಿಗುತ್ತೆ. ಹಂಗಾಗಿ ತಿಂಗಳಿಗೆ 850ರ ಕೊರತೆ ತುಂಬ್ಬೇಕು ಅಂದ್ರೆ ಸಂಬಳ 1,58,000ದ ಹತ್ರ ಹೋಗ್ಬೇಕು. ಕೇಳೋದ್ರಲ್ಲಿ ತಪ್ಪೇನಿಲ್ಲ, ಅಲ್ಲಿ ಕೇಳೋದು ವಾಡಿಕೆನೇ.

ಹಂಗಂತ ಟೆಕ್ಸಾಸಲ್ಲಿ ಎಲ್ಲಾ ಪುಕ್ಕಟೆ ಅಂತಲ್ಲ. ಅಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಭಾರೀ ಜಾಸ್ತಿ, ಬಾಡಿಗೆಗಿರೋವಾಗ ಗೊತ್ತಾಗಲ್ಲ, ನಾಳೆ ಸ್ವಂತ ಮನೆ ತಗೊಂಡಾಗ ವರ್ಷಾ ವರ್ಷಾ ಗೊತ್ತಾಗುತ್ತೆ. ಸೇಲ್ಸ್ ಟ್ಯಾಕ್ಸು ಆಸ್ಟಿನ್‌ನಲ್ಲಿ 8.25, ಸ್ಯಾನ್ ಹೋಸೆಯಲ್ಲಿ 9ರ ಮೇಲೆ, ಇದು ದೊಡ್ಡ ವ್ಯತ್ಯಾಸ ಅಲ್ಲ, ಅಕ್ಕಿ ಬೇಳೆ ತರಕಾರಿಗೆ ಎರಡೂ ಕಡೆ ಬೀಳಲ್ಲ.

ಇನ್ನೊಂದು ಮುಖ್ಯ ವಿಷಯ. ಮಗ ಈಗ ಒಪಿಟಿ ಮೇಲೆ ಇದಾನಲ್ಲ, ಸ್ಟೂಡೆಂಟ್ ವೀಸಾದಲ್ಲಿ ಹೋದೋರಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ಆ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ 7.65 ಕಟ್ ಆಗಲ್ಲ. ಎಚ್‌-1ಬಿ ಶುರುವಾದ ದಿನದಿಂದ ಕಟ್ ಆಗುತ್ತೆ. ಈಗ ಬರ್ತಿರೋ ಸಂಬಳ ನೋಡ್ಕೊಂಡು ಕಾರ್ ಲೋನ್ ಮಾಡಿದ್ರೆ ಅಕ್ಟೋಬರ್‌ನಲ್ಲಿ ಕಷ್ಟ. ದಯವಿಟ್ಟು ಇದನ್ನ ಇವತ್ತೇ ಅವನಿಗೆ ಹೇಳಿ. ಆ ದುಡ್ಡನ್ನ ವಾಪಸ್ ಬರೋವಾಗ ಊರಿಗೆ ವರ್ಗಾಯಿಸಿಕೊಳ್ಳೋ ಒಪ್ಪಂದನೂ ಭಾರತ ಅಮೆರಿಕಾ ಮಧ್ಯೆ ಇಲ್ಲ, ಎಷ್ಟೋ ಹುಡುಗ್ರಿಗೆ ಇದು ಅನ್ಯಾಯ ಅನ್ಸುತ್ತೆ, ನನಗೂ ಅನ್ಸುತ್ತೆ.

ಕೆಲಸ ಕ್ಯಾಲಿಫೋರ್ನಿಯಾ ಕಂಪನೀದೇ ಆಗಿದ್ರೂ ಟೆಕ್ಸಾಸಲ್ಲಿ ಕೂತು ಮಾಡಿದ್ರೆ ಸಾಮಾನ್ಯವಾಗಿ ಆ ಸಂಬಳಕ್ಕೆ ಕ್ಯಾಲಿಫೋರ್ನಿಯಾ ಟ್ಯಾಕ್ಸ್ ಬೀಳಲ್ಲ, ಎಲ್ಲಿ ಕೂತು ದುಡಿದ ಅನ್ನೋದೇ ಲೆಕ್ಕ. ನ್ಯೂಯಾರ್ಕ್ ಕಂಪನಿ ಆದ್ರೆ ಕಥೆ ಬೇರೆ, ಆ ರಾಜ್ಯದ ಸರ್ಕಾರದೋರು ನಿನ್ನ ಅನುಕೂಲಕ್ಕೆ ಹೊರಗಡೆ ಕೂತಿದ್ದೀಯ ಅಂತ ಟ್ಯಾಕ್ಸ್ ಕೇಳ್ತಾರೆ.

ಪ್ರಶ್ನೆ: ಮಗಳಿಗೆ ಬೆಂಗಳೂರಲ್ಲಿ 8 ಲಕ್ಷ ಸಿಟಿಸಿ, ದಾವಣಗೆರೇಲಿ 5.5 ಲಕ್ಷ ಸಿಟಿಸಿ ಕೆಲಸ ಸಿಕ್ಕಿದೆ. ದಾವಣಗೆರೇಲಿ ದೊಡ್ಡಮ್ಮನ ಮನೆ ಇದೆ, ಬೆಂಗಳೂರಲ್ಲಿ ಪಿಜಿಗೆ ಊಟ ಸೇರಿ 13 ಸಾವಿರ. ನಮ್ಮಲ್ಲೂ ರಾಜ್ಯದ ಟ್ಯಾಕ್ಸ್ ಅಂತ ಇದೆಯಾ? (ಚಿತ್ರದುರ್ಗದ ಓದುಗರು)

ಉತ್ತರ: ಸಂಬಳದ ಮೇಲೆ ಇನ್‌ಕಮ್ ಟ್ಯಾಕ್ಸ್ ಹಾಕೋ ಅಧಿಕಾರ ನಮ್ಮಲ್ಲಿ ಕೇಂದ್ರಕ್ಕೆ ಮಾತ್ರ. ರಾಜ್ಯ ತಗೊಳೋದು ವೃತ್ತಿ ತೆರಿಗೆ, ಸಂವಿಧಾನದ 276ನೇ ವಿಧಿ ಪ್ರಕಾರ ವರ್ಷಕ್ಕೆ 2,500 ರೂಪಾಯಿ ಮೇಲೆ ಹೋಗೋ ಹಾಗಿಲ್ಲ. ಕರ್ನಾಟಕದಲ್ಲಿ ತಿಂಗಳಿಗೆ 25 ಸಾವಿರ ಮತ್ತು ಮೇಲೆ ಸಂಬಳ ಇದ್ರೆ 200, ಫೆಬ್ರವರೀಲಿ 300. ಬೆಂಗಳೂರಾದ್ರೂ ಅಷ್ಟೇ ದಾವಣಗೆರೆ ಆದ್ರೂ ಅಷ್ಟೇ. ಹೊಸ ಪದ್ಧತೀಲಿ 2025-26ರಿಂದ ಸಂಬಳದೋರಿಗೆ 12.75 ಲಕ್ಷದವರೆಗೆ ಇನ್‌ಕಮ್ ಟ್ಯಾಕ್ಸ್ ಬರಲ್ಲ, ಹಂಗಾಗಿ ಎರಡೂ ಕೆಲಸಕ್ಕೆ ಸೊನ್ನೆ.

ಆದ್ರೆ ಸಿಟಿಸಿ ಅಂದ್ರೆ ಸಂಬಳ ಅಲ್ಲ, ಅದ್ರೊಳಗೆ ಕಂಪನಿ ಕಟ್ಟೋ ಪಿಎಫ್ಫು, ಗ್ರಾಚ್ಯುಟಿ ಎಲ್ಲಾ ಸೇರ್ಸಿರ್ತಾರೆ. ಬೇಸಿಕ್ ಅರ್ಧ ಅಂತ ಇಟ್ಕೊಂಡು, ಪಿಎಫ್ ಪೂರ್ತಿ ಬೇಸಿಕ್ ಮೇಲೆ ಕಟ್ ಮಾಡಿದ್ರೆ 8 ಲಕ್ಷದಲ್ಲಿ ತಿಂಗಳಿಗೆ ಕೈಗೆ 57 ಸಾವಿರದ ಹತ್ರ, 5.5 ಲಕ್ಷದಲ್ಲಿ 39 ಸಾವಿರ. ವ್ಯತ್ಯಾಸ 18, ಪಿಜಿ 13, ಉಳಿದಿದ್ದು 5 ಸಾವಿರ, ಅದೂ ಆಫೀಸಿಗೆ ಬಸ್ಸು ಮೆಟ್ರೋ, ಹಬ್ಬಕ್ಕೆ ದುರ್ಗಕ್ಕೆ ಬಂದು ಹೋಗೋದು ಅಂದ್ರೆ ಖಾಲಿ. ವೇರಿಯಬಲ್ ಪೇ (ಕೆಲಸ ನೋಡಿ ಆಮೇಲೆ ಕೊಡೋ ಭಾಗ) ಅಂತ ಏನಾದ್ರೂ ಸಿಟಿಸೀಲಿ ಸೇರ್ಸಿದ್ರೆ 57ನೂ ಬರಲ್ಲ, ಆಫರ್ ಲೆಟರಿನ ಕೊನೇ ಪುಟದ ಟೇಬಲ್ ಒಂದ್ಸಲ ನೋಡಿ.

ಆದ್ರೂ ನಾನು ನಿಮ್ಮ ಜಾಗದಲ್ಲಿದ್ರೆ ಮಗಳನ್ನ ಬೆಂಗಳೂರಿಗೇ ಕಳಿಸ್ತೀನಿ, ಕೆಲಸ ಕಲಿಯೋ ಅಂಥದ್ದಾಗಿದ್ರೆ. ಮೊದಲ ಎರಡು ಮೂರು ವರ್ಷ ಉಳಿತಾಯ ಕಮ್ಮಿ ಇದ್ರೂ ಮುಂದಿನ ಕಂಪನಿ ಕೇಳೋದು ಹಿಂದಿನ ಸಂಬಳ ಎಷ್ಟು ಅಂತ, ಪಿಎಫ್ ಖಾತೇಲೂ ಜಾಸ್ತಿ ದುಡ್ಡು ಬೀಳ್ತಾ ಹೋಗುತ್ತೆ. ಎರಡೂ ಕಡೆ ಒಂದೇ ಥರದ ಕೆಲಸ ಆಗಿದ್ರೆ ಮಾತ್ರ ದೊಡ್ಡಮ್ಮನ ಮನೆ ಊಟ ಬಿಡೋದು ಬೇಡ.

ಪ್ರಶ್ನೆ: ಮಗ ಅಮೆರಿಕಾದಿಂದ ಕಳಿಸೋ ದುಡ್ಡಿಗೆ ಈಗ ಅಲ್ಲಿ ಟ್ಯಾಕ್ಸ್ ಹಾಕಿದಾರಂತೆ, ಇಲ್ಲಿ ನಾವೂ ಕಟ್ಬೇಕಾ? (ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: 2026ರ ಜನವರಿ 1ರಿಂದ 1 ಪರ್ಸೆಂಟ್ ಬಂದಿದೆ, ಆದ್ರೆ ಕ್ಯಾಶ್, ಮನಿ ಆರ್ಡರ್, ಕ್ಯಾಷಿಯರ್ಸ್ ಚೆಕ್ ಥರ ಕೊಟ್ಟು ಕಳಿಸಿದ್ರೆ ಮಾತ್ರ. ಅಲ್ಲಿನ ಬ್ಯಾಂಕ್ ಖಾತೆಯಿಂದ ಕಳಿಸಿದ್ರೆ ಇಲ್ಲ. ಮಗ ಅಪ್ಪ ಅಮ್ಮನಿಗೆ ಕೊಡೋ ದುಡ್ಡಿಗೆ ಇಲ್ಲೂ ಟ್ಯಾಕ್ಸ್ ಇಲ್ಲ, ಎಷ್ಟೇ ಆಗ್ಲಿ. ಅದನ್ನ ಎಫ್‌ಡಿ ಇಟ್ರೆ ಬರೋ ಬಡ್ಡಿ ಮಾತ್ರ ನಿಮ್ಮ ಆದಾಯಕ್ಕೆ ಸೇರುತ್ತೆ, ರಿಟರ್ನ್ ಹಾಕೋವಾಗ ಅದನ್ನ ತೋರಿಸಿ.