ಹತ್ತು ದಿನ ಪಿಂಕಿ ಎಲ್ಲಿರಬೇಕು?

ಓದುಗರೊಬ್ಬರ ಪತ್ರ ಹೀಗಿದೆ. "ಗಂಡ, ಇಬ್ಬರು ಮಕ್ಕಳು, ಅತ್ತೆ, ನಾನು, ಎಲ್ಲರೂ ಹತ್ತು ದಿನ ಪ್ರವಾಸ ಹೋಗುತ್ತಿದ್ದೇವೆ. ಇನ್ನೂ ಐದು ವಾರ ಇದೆ. ನಮ್ಮ ನಾಯಿ ಪಿಂಕಿಗೆ ಏಳು ವರ್ಷ. ಮರಿಯಾಗಿದ್ದಾಗ ಬಂದವಳು ಒಂದು ರಾತ್ರಿಯೂ ನಮ್ಮನ್ನು ಬಿಟ್ಟು ಇದ್ದಿಲ್ಲ. ಗುಡುಗಿದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ಪಕ್ಕದ ಮನೆ ಹುಡುಗ ದಿನಕ್ಕೆರಡು ಸಲ ಬಂದು ಊಟ ಹಾಕ್ತೀನಿ ಅಂತಾನೆ. ಮೈದುನನ ಮನೆಯಲ್ಲಿ ಬಿಡಬಹುದು, ಆದರೆ ಅಲ್ಲಿ ಒಂದು ಗಂಡುನಾಯಿ ಇದೆ. ದುಡ್ಡು ತೆಗೆದುಕೊಂಡು ನಾಯಿಗಳನ್ನು ಇಟ್ಟುಕೊಳ್ಳುವ ಒಂದು ಬೋರ್ಡಿಂಗ್ ಕೂಡ ನೋಡಿ ಬಂದೆವು. ಮಗಳು ಕರ್ಕೊಂಡೇ ಹೋಗೋಣ ಅಂತ ಹಟ ಹಿಡಿದಿದ್ದಾಳೆ. ನಾಯಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ಅತ್ತೆ ಕೇಳುತ್ತಾರೆ. ಯಾವುದು ಸರಿ? ಅವಳು ನಮ್ಮನ್ನು ಮರೆತುಬಿಡ್ತಾಳಾ?"

ಕೊನೆಯ ಪ್ರಶ್ನೆಯನ್ನೇ ಮೊದಲು ಮುಗಿಸಿಬಿಡೋಣ, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅನಿಸುತ್ತದೆ. ಮರೆಯುವುದಿಲ್ಲ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ಮತ್ತು ಅವರ ತಂಡ 12 ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗುವುದನ್ನು ಕಲಿಸಿದರು. (ನಮ್ಮ ಮನೆಯ ಮಕ್ಕಳೇ ಕೂದಲು ಕತ್ತರಿಸುವಾಗ ಅಷ್ಟು ಸುಮ್ನೆ ಕೂರುವುದಿಲ್ಲ.) ಆಮೇಲೆ ಒಂದೊಂದಾಗಿ ಬೇರೆ ಬೇರೆ ವಾಸನೆ ತೋರಿಸಿದರು. ಅದರದೇ ಮೈಯ ವಾಸನೆ, ಗೊತ್ತಿರುವ ನಾಯಿಯದು, ಗೊತ್ತಿಲ್ಲದ ನಾಯಿಯದು, ಅಪರಿಚಿತ ಮನುಷ್ಯರದು, ಮನೆಯವರದು. ಮಿದುಳಿನಲ್ಲಿ ಖುಷಿಯ ನಿರೀಕ್ಷೆಗೆ ಸಂಬಂಧಪಟ್ಟ ಭಾಗ ಎಲ್ಲಕ್ಕಿಂತ ಜಾಸ್ತಿ ಎಚ್ಚೆತ್ತಿದ್ದು ಮನೆಯವರ ವಾಸನೆಗೆ. ಆ ಮನೆಯವರು ಆಗ ಎದುರಿಗೆ ಇರಲೇ ಇಲ್ಲ! ಇದು 2015ರಲ್ಲಿ ಪ್ರಕಟವಾಯಿತು. ಹಾಗಾಗಿ ಹೊರಡುವಾಗ ನೀವು ಉಟ್ಟು ಬಿಟ್ಟ, ಒಗೆಯದ ಬಟ್ಟೆಯೊಂದನ್ನು ಪಿಂಕಿಯ ಹಾಸಿಗೆ ಮೇಲೆ ಹಾಕಿ ಹೋಗಿ.

ಮರೆಯುವುದಿಲ್ಲ ಅಂದ ಮಾತ್ರಕ್ಕೆ ಅವಳಿಗೆ ಏನೂ ಅನಿಸುವುದಿಲ್ಲ ಅಂತಲ್ಲ. ಸ್ವೀಡನ್ನಿನಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದೆ. ನಾಯಿಗಳನ್ನು ಅರ್ಧ ಗಂಟೆ, ಎರಡು ಗಂಟೆ, ನಾಲ್ಕು ಗಂಟೆ ಮನೆಯಲ್ಲಿ ಒಂಟಿಯಾಗಿ ಬಿಟ್ಟು ನೋಡಿದರು. ಅರ್ಧ ಗಂಟೆಯ ನಂತರ ಬಂದವರಿಗಿಂತ ಎರಡು ಗಂಟೆಯ ನಂತರ ಬಂದವರಿಗೆ ಸ್ವಾಗತ ಜೋರಾಗಿತ್ತು. ಎರಡಕ್ಕೂ ನಾಲ್ಕಕ್ಕೂ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಒಂಟಿಯಾಗಿ ಬಿಟ್ಟ ಹೊತ್ತು ಅವಕ್ಕೆ ತಟ್ಟುತ್ತದೆ.

ಅದಕ್ಕೇ ಪಕ್ಕದ ಮನೆ ಹುಡುಗನ ವಿಷಯದಲ್ಲಿ ನನ್ನ ಉತ್ತರ: ಬೇಡ. ಹುಡುಗ ಒಳ್ಳೆಯವನೇ ಇರಬಹುದು. ಲೆಕ್ಕ ಮಾತ್ರ ಹಾಕಿ ನೋಡಿ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ. ಉಳಿದ 23 ಗಂಟೆ 20 ನಿಮಿಷ ಅವಳೊಬ್ಬಳೇ ಬೀಗ ಹಾಕಿದ ಮನೆಯಲ್ಲಿ. ಸಂಜೆ ಏಳಕ್ಕೆ ಹೊರಗೆ ಹೋಗಿ ಬಂದವಳು ಬೆಳಿಗ್ಗೆ ಏಳರ ತನಕ ತಡೆದುಕೊಳ್ಳಬೇಕು. ಇಷ್ಟು ವರ್ಷ ಶಿಸ್ತಿನಿಂದ ಇದ್ದವಳು ಒಳಗೇ ಮಾಡಿಕೊಂಡರೆ ಅದು ಅವಳಿಗೂ ಸಂಕಟ. ರಾತ್ರಿ ಗುಡುಗಿದರೆ? ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಕೆರೆದು ಉಗುರು ಕಿತ್ತುಕೊಂಡ, ಕಿಟಕಿ ಹಾರಲು ಹೋಗಿ ಗಾಯ ಮಾಡಿಕೊಂಡ ನಾಯಿಗಳು ಬೇಕಾದಷ್ಟಿವೆ. ಒಂದು ಹಗಲಿಗೆ ಸರಿ, ಹತ್ತು ದಿನಕ್ಕೆ ಇದು ಏರ್ಪಾಡೇ ಅಲ್ಲ. ಬೆಕ್ಕಾಗಿದ್ದರೆ ಬೇರೆ ಮಾತು.

ನನ್ನ ಮೊದಲ ಆಯ್ಕೆ, ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು: ರಾತ್ರಿಯೂ ನಿಮ್ಮ ಮನೆಯಲ್ಲೇ ಮಲಗುವ ಒಬ್ಬರು. ನೆಂಟರಾಗಲಿ, ಸ್ನೇಹಿತರಾಗಲಿ, ದುಡ್ಡು ತೆಗೆದುಕೊಂಡು ನಾಯಿ ನೋಡಿಕೊಳ್ಳುವವರಾಗಲಿ. ಪಿಂಕಿಯಂಥ ನಾಯಿಗೆ, ಅಂದರೆ ವಯಸ್ಸು ಅರ್ಧ ಕಳೆದ, ಮನೆ ಬಿಟ್ಟು ಅಭ್ಯಾಸ ಇಲ್ಲದ, ಹೆದರುವ ನಾಯಿಗೆ, ಮನೆಯವರೂ ಮನೆಯೂ ಒಟ್ಟಿಗೇ ಕೈತಪ್ಪಿದರೆ ಕಷ್ಟ. ಮನೆಯವರು ಇಲ್ಲದಿದ್ದರೂ ಆ ಮಂಚ, ಆ ಮೂಲೆ, ವಾಕಿಂಗ್ ಹೋಗುವ ಅದೇ ಬೀದಿ ಉಳಿದರೆ ಅರ್ಧ ಕೆಲಸ ಆದಂತೆ.

ಆದರೆ ಇಲ್ಲೂ ಒಂದು ಗುಂಡಿ ಇದೆ. ನಾನು ಬಿದ್ದು ಎದ್ದದ್ದು. ವರ್ಷಗಳ ಹಿಂದೆ ನಮ್ಮ ನಾಯಿ ಕರಿಯನನ್ನು ಹತ್ತಿರದ ನೆಂಟರೊಬ್ಬರ ಜೊತೆ ಮನೆಯಲ್ಲೇ ಬಿಟ್ಟು ಹೋಗಿದ್ದೆವು. ಕರಿಯನಿಗೆ ಅವರು ಚೆನ್ನಾಗಿ ಗೊತ್ತು, ಹಾಗಾಗಿ ಹೇಳುವುದೇನಿದೆ ಅಂದುಕೊಂಡೆವು. ಮೂರನೇ ದಿನ ಕರೆಗಂಟೆ ಬಾರಿಸಿತು, ಅವರು ಬಾಗಿಲು ತೆಗೆದರು, ಇವನು ಕಾಲ ಸಂದಿಯಿಂದ ನುಗ್ಗಿ ಹೋದ. ನಾವೇ ಬಂದೆವು ಅಂದುಕೊಂಡಿದ್ದನೋ ಏನೋ. ಕಾಲರ್ ಬಿಚ್ಚಿಟ್ಟಿದ್ದರು, "ಪಾಪ, ಕತ್ತಿಗೆ ಚುಚ್ಚುತ್ತೆ" ಅಂತ. ಎರಡು ರಾತ್ರಿ ಸಿಗಲಿಲ್ಲ. ಸಿಕ್ಕಾಗ ಕಾಲು ಒಡೆದಿತ್ತು, ಮೈತುಂಬಾ ರಕ್ತ ಹೀರುವ ಉಣ್ಣೆಹುಳ. ಅವರ ಮೇಲೆ ತುಂಬಾ ದಿನ ಸಿಟ್ಟಿತ್ತು. ಈಗ ಯೋಚಿಸಿದರೆ ತಪ್ಪು ನಮ್ಮದೇ. ಗಂಟೆ ಬಾರಿಸಿದಾಗ ಅವನನ್ನು ಮೊದಲು ಕೋಣೆಗೆ ಹಾಕಿ ಆಮೇಲೆ ಬಾಗಿಲು ತೆಗೆಯುವುದು ನಮಗೆ ಕೈಗೆ ಕೂತ ಅಭ್ಯಾಸ, ಯಾರಿಗಾದರೂ ಹೇಳಬೇಕು ಅನ್ನುವುದೇ ಹೊಳೆದಿರಲಿಲ್ಲ. ಮನೆಯವರಿಲ್ಲದ ಮೊದಲ ದಿನಗಳಲ್ಲಿ ನಾಯಿಗಳು ಬಾಗಿಲ ಹತ್ತಿರವೇ ಕಾಯುತ್ತವೆ. ಫೋನ್ ನಂಬರ್ ಇರುವ ಕಾಲರ್ ಹಗಲೂ ರಾತ್ರಿಯೂ ಕತ್ತಲ್ಲೇ ಇರಲಿ. ಚರ್ಮದ ಕೆಳಗೆ ಗುರುತಿನ ಮೈಕ್ರೋಚಿಪ್ ಹಾಕಿಸಿದ್ದರೆ ಅದರ ಜೊತೆ ನಿಮ್ಮ ಈಗಿನ ನಂಬರ್ ನೋಂದಣಿ ಆಗಿದೆಯಾ ನೋಡಿ. ಚಿಪ್ಪಿನಲ್ಲಿ ಇರುವುದು ಬರೀ ಒಂದು ಸಂಖ್ಯೆ, ನಾಯಿ ಎಲ್ಲಿದೆ ಅಂತ ಅದು ತೋರಿಸುವುದಿಲ್ಲ. ಇದನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ.

ಮನೆಯಲ್ಲೇ ಬಂದು ಮಲಗುವವರು ಸಿಗದಿದ್ದರೆ ಬೋರ್ಡಿಂಗ್. ಕೆಟ್ಟದ್ದು ಅಂತ ಮೊದಲೇ ತೀರ್ಮಾನ ಮಾಡಬೇಡಿ. ಬೇರೆ ನಾಯಿಗಳ ಜೊತೆ ಬೆರೆಯುವ, ಎಲ್ಲಿ ಬಿಟ್ಟರೂ ಬಾಲ ಅಲ್ಲಾಡಿಸುವ ನಾಯಿಗಳು ಅಲ್ಲಿ ಖುಷಿಯಾಗಿಯೇ ಇರುತ್ತವೆ. ನೀವು "ನೋಡಿ ಬಂದೆವು" ಅಂತ ಬರೆದಿದ್ದೀರಿ. ಏನು ನೋಡಿದಿರಿ? ಮುಂದಿನ ಕೋಣೆ, ಸೋಫಾ, ಗೋಡೆ ಮೇಲಿನ ನಾಯಿ ಫೋಟೋಗಳನ್ನಾ? ಇನ್ನೊಮ್ಮೆ ಹೋಗಿ. ಅವಳು ರಾತ್ರಿ ಮಲಗುವ ಜಾಗವನ್ನೇ ತೋರಿಸಿ ಅನ್ನಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ರಾತ್ರಿ ಅಲ್ಲಿ ಮನುಷ್ಯರು ಯಾರಾದರೂ ಮಲಗುತ್ತಾರಾ, ಅಥವಾ ಬರೀ ಕ್ಯಾಮೆರಾನಾ? ಬೀದಿಗೂ ನಾಯಿಗಳಿಗೂ ನಡುವೆ ಎರಡು ಬಾಗಿಲು ಇವೆಯಾ? ಹುಷಾರು ತಪ್ಪಿದರೆ ಯಾವ ಡಾಕ್ಟರ ಹತ್ತಿರ ಹೋಗುತ್ತಾರೆ? ದೊಡ್ಡ ನಾಯಿ, ಸಣ್ಣ ನಾಯಿ ಎಲ್ಲವನ್ನೂ ಒಂದೇ ಅಂಗಳಕ್ಕೆ ಬಿಡುತ್ತಾರಾ? ಇನ್ನೊಂದು ಮಾತು. ಲಸಿಕೆಯ ಪುಸ್ತಕ ತನ್ನಿ ಅಂತ ಅವರಾಗಿಯೇ ಕೇಳಬೇಕು. ನಿಮ್ಮನ್ನು ಕೇಳದವರು ಪಕ್ಕದ ಗೂಡಿನ ನಾಯಿಯವರನ್ನೂ ಕೇಳಿರುವುದಿಲ್ಲ, ಅಲ್ವಾ?

ಲಸಿಕೆ ಅಂದೆನಲ್ಲ, ಇದಕ್ಕೆ ಈ ವಾರವೇ ಡಾಕ್ಟರ ಹತ್ತಿರ ಹೋಗಿ. ಹುಚ್ಚುನಾಯಿ ರೋಗದ್ದು, ಡಿಸ್ಟೆಂಪರ್ ಮತ್ತು ಪಾರ್ವೋ ಅನ್ನುವ ವೈರಸ್ ರೋಗಗಳದ್ದು ಅವಧಿಯೊಳಗೆ ಇವೆಯಾ ನೋಡಿಸಿ. ನಾಯಿಗಳು ಒಟ್ಟಿಗಿರುವ ಕಡೆ ಕೆನಲ್ ಕೆಮ್ಮು ಅನ್ನುವ ಉಸಿರಾಟದ ಸೋಂಕು ಬೇಗ ಹರಡುತ್ತದೆ, ಕೆಮ್ಮಿದರೆ, ಸೀನಿದರೆ, ಒಂದೇ ಬಟ್ಟಲಿನ ನೀರು ಕುಡಿದರೆ ಸಾಕು. ಅದರ ಲಸಿಕೆ ಮೂಗಿಗೆ ಹನಿ ಹಾಕುವುದಾದರೆ ಕೆಲವೇ ದಿನಗಳಲ್ಲಿ ಕೆಲಸ ಶುರು ಮಾಡುತ್ತದೆ. ಇಂಜೆಕ್ಷನ್ ಆದರೆ ಮೊದಲ ಸಲ ಎರಡು ಡೋಸ್, ನಡುವೆ 2ರಿಂದ 4 ವಾರ ಬಿಡಬೇಕು. ಐದು ವಾರ ಮೊದಲೇ ಪತ್ರ ಬರೆದಿರಿ, ಒಳ್ಳೆಯದಾಯಿತು. ಮುಂಚಿನ ದಿನ ಓಡುವವರೇ ಜಾಸ್ತಿ. ಉಣ್ಣೆಯ ಔಷಧಿಯನ್ನೂ ಅಲ್ಲೇ ಕೇಳಿ.

ಮೈದುನನ ಮನೆ? ನೀವು ಬರೆಯದೇ ಬಿಟ್ಟ ಒಂದು ವಿಷಯದ ಮೇಲೆ ಇದು ನಿಂತಿದೆ. ಪಿಂಕಿಗೆ ಮರಿಯಾಗದಂತೆ ಆಪರೇಷನ್ ಆಗಿದೆಯಾ? ಆಗಿಲ್ಲದಿದ್ದರೆ, ಅವಳ ಬೆದೆ ಯಾವಾಗ? ಹೆಚ್ಚಿನ ನಾಯಿಗಳಿಗೆ ವರ್ಷಕ್ಕೆ ಸುಮಾರು ಎರಡು ಸಲ ಬರುತ್ತದೆ, ಎರಡು ಮೂರು ವಾರ ಇರುತ್ತದೆ. ಅದು ನಿಮ್ಮ ಪ್ರವಾಸದ ಹೊತ್ತಿಗೇ ಬಂದರೆ ಮುಂದಿನದು ನಾಯಿಗಳಿಗೆ ಬಿಟ್ಟದ್ದು, ಸುಮಾರು 63 ದಿನಕ್ಕೆ ಮರಿಗಳು. ಆಪರೇಷನ್ ಆಗಿದ್ದರೂ ಎರಡೂ ನಾಯಿಗಳು ಮೊದಲು ಹೊರಗೆ, ಇಬ್ಬರ ಮನೆಯೂ ಅಲ್ಲದ ಜಾಗದಲ್ಲಿ, ಎರಡು ಮೂರು ಸಲ ಒಟ್ಟಿಗೆ ನಡೆದಾಡಲಿ. ಊಟದ ತಟ್ಟೆ ಬೇರೆ ಬೇರೆ ಕೋಣೆಯಲ್ಲಿ. ಇನ್ನೂ ಒಂದಿದೆ, ಇದು ನಾಯಿಯದಲ್ಲ: ನಿಮ್ಮ ಮೈದುನ ನಿಜವಾಗಿ ಮನಸ್ಸಿನಿಂದ ಹೂಂ ಅಂದರಾ, ಅಣ್ಣನಿಗೆ ಇಲ್ಲ ಅನ್ನಲಾಗದೆ ಹೂಂ ಅಂದರಾ? ಮನೆಯಲ್ಲಿ ನಾಯಿ ನೋಡಿಕೊಳ್ಳುವವರು ಯಾರೋ ಅವರನ್ನೇ ಕೇಳಿ.

ಮಗಳ ಆಸೆ ನನಗೂ ಅರ್ಥವಾಗುತ್ತದೆ. ಒಂದೇ ಕಡೆ ಮನೆ ಹಿಡಿದು ಹತ್ತು ದಿನ ಇರುವ ರಜೆಯಾಗಿದ್ದರೆ, ಕಾರಿನಲ್ಲಿ ಹೋಗುವುದಾದರೆ, ನಾನೇ ಕರೆದುಕೊಂಡು ಹೋಗಿ ಅನ್ನುತ್ತಿದ್ದೆ. ಊರೂರು ಸುತ್ತುವ ಪ್ರವಾಸದಲ್ಲಿ ನಾಯಿ ನೋಡುವುದು ಹೋಟೆಲ್ ಕೋಣೆಯ ನಾಲ್ಕು ಗೋಡೆ, ಇಲ್ಲವೇ ಕಾರಿನ ಒಳಗೆ. ನಿಲ್ಲಿಸಿದ ಕಾರು ಎಷ್ಟು ಅಪಾಯ ಅಂತ ಮಗಳಿಗೆ ಹೇಳಿ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆಗೆ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿತ್ತು. ಅದರಲ್ಲಿ 80% ಏರಿದ್ದು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಸ್ವಲ್ಪ ಇಳಿಸಿಟ್ಟರೂ ಹೆಚ್ಚೇನೂ ಬದಲಾಗಲಿಲ್ಲ. ವಿಮಾನದ ಮಾತು ಬಂದರೆ, ನಿದ್ದೆ ಮಾತ್ರೆ ಕೊಟ್ಟು ಕಳಿಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪಶುವೈದ್ಯರು ಸಾಮಾನ್ಯವಾಗಿ ಅದನ್ನು ಬೇಡ ಅನ್ನುತ್ತಾರೆ, ಉಸಿರಾಟಕ್ಕೂ ರಕ್ತದೊತ್ತಡಕ್ಕೂ ತೊಂದರೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗಂತೂ ಇನ್ನೂ ಕಷ್ಟ.

ಈಗ ಮುಖ್ಯವಾದದ್ದು. ಯಾವುದನ್ನೇ ಆರಿಸಿ, ಮುಂದಿನ ಎರಡು ವಾರದೊಳಗೆ ಒಂದು ರಾತ್ರಿ ಟ್ರಯಲ್ ಮಾಡಿ. ನಿಜವಾಗಿಯೂ ಮನೆ ಬಿಟ್ಟು ಹೋಗಿ, ನೀವೇ ಎಲ್ಲಾದರೂ ಮಲಗಿ ಬನ್ನಿ. ಏಳು ವರ್ಷದಲ್ಲಿ ಒಂದು ರಾತ್ರಿಯೂ ಬಿಟ್ಟಿಲ್ಲ ಅಂದಿರಿ, ನೇರವಾಗಿ ಹತ್ತಕ್ಕೆ ಹಾರುವುದು ಬೇಡ. ಒಂದು ಹೊತ್ತು ಊಟ ಬಿಟ್ಟರೆ, ಸ್ವಲ್ಪ ಕುಂಯ್ ಅಂದರೆ ಗಾಬರಿಯಾಗಬೇಡಿ. ರಾತ್ರಿಯಿಡೀ ಊಳಿಟ್ಟರೆ, ಒಂದೇ ಸಮ ಜೊಲ್ಲು ಸುರಿಸಿದರೆ, ಬಾಗಿಲು ಕೆರೆದು ಹಾಳು ಮಾಡಿದರೆ ಆ ಏರ್ಪಾಡು ಅವಳಿಗೆ ಆಗುವುದಿಲ್ಲ. ಬೇರೆ ನೋಡಲು ಆಗ ನಿಮಗೆ ಇನ್ನೂ ಮೂರು ವಾರ ಇರುತ್ತದೆ. ಗುಡುಗಿನ ಭಯಕ್ಕೆ ಬೇಕಾದರೆ ಔಷಧಿ ಇದೆ, ಲಸಿಕೆಗೆ ಹೋದಾಗಲೇ ಡಾಕ್ಟರನ್ನು ಕೇಳಿ.

ನೋಡಿಕೊಳ್ಳುವವರಿಗೆ ಒಂದು ಕಾಗದ ಬರೆದಿಡಿ, ಫೋನಿನಲ್ಲಿ ಹೇಳಿದ್ದು ನೆನಪಿರುವುದಿಲ್ಲ. ಊಟ ಎಷ್ಟು, ಯಾವಾಗ. ಅದೇ ಊಟವನ್ನು ಹತ್ತು ದಿನಕ್ಕಾಗುವಷ್ಟು ಕೊಡಿ, ದಿಢೀರ್ ಬದಲಾಯಿಸಿದರೆ ಭೇದಿ ಗ್ಯಾರಂಟಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಯಾರೂ ಕೊಡಬಾರದು, ಪ್ರೀತಿಗೂ. ನೀರು ಮುಟ್ಟದಿದ್ದರೆ, ಎರಡು ದಿನ ಊಟ ಬಿಟ್ಟರೆ, ಹೊಟ್ಟೆ ಉಬ್ಬಿ ವಾಂತಿ ಬಾರದೆ ಒದ್ದಾಡಿದರೆ ನಿಮಗೆ ಫೋನ್ ಮಾಡುವುದಕ್ಕಿಂತ ಮೊದಲು ಡಾಕ್ಟರ ಹತ್ತಿರ. ಕೊನೆಯದು ಗಂಟೆಗಳ ಆಟ, ಕಾಯುವ ಹಾಗಿಲ್ಲ. ನಿಮಗೆ ಫೋನ್ ಸಿಗದಿದ್ದರೆ ಚಿಕಿತ್ಸೆಗೆ ಹೂಂ ಅನ್ನುವ ಅಧಿಕಾರ ಅವರಿಗೇ ಇದೆ, ಖರ್ಚು ನಮ್ಮದು ಅಂತ ಬರೆದು ಸಹಿ ಹಾಕಿ ಡಾಕ್ಟರಿಗೂ ಒಂದು ಪ್ರತಿ ಕೊಡಿ.

ಅತ್ತೆಯವರಿಗೆ ನಾನು ಏನೂ ಹೇಳುವುದಿಲ್ಲ. ಮನೆಯಲ್ಲಿ ಹಾಗೆ ಗೊಣಗುವವರ ಕಾಲ ಬುಡದಲ್ಲೇ ನಾಯಿ ಮಲಗಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಆ ಒಗೆಯದ ಬಟ್ಟೆಯ ಜೊತೆ ಅವರ ಹಳೇ ಸೀರೆಯೊಂದನ್ನೂ ಇಡಿ.

ಹೊರಡುವ ದಿನ ಅಪ್ಪಿಕೊಂಡು ಅತ್ತು ಕರೆದು ಮಾಡಬೇಡಿ, ಅಂಗಡಿಗೆ ಹೋಗುವ ಹಾಗೆ ಹೋಗಿ. ವಾಪಸ್ ಬಂದ ಮೇಲೆ ಅವಳು ಒಂದೆರಡು ದಿನ ಬರೀ ಮಲಗಿದರೂ ಆಶ್ಚರ್ಯವಿಲ್ಲ. ಬೋರ್ಡಿಂಗಿನಿಂದ ಬಂದಿದ್ದರೆ ಎರಡು ವಾರ ಕೆಮ್ಮಿನ ಮೇಲೆ ಕಣ್ಣಿಡಿ, ಅಷ್ಟು ತಡವಾಗಿಯೂ ಶುರುವಾಗಬಹುದು. ಟ್ರಯಲ್ ರಾತ್ರಿ ಹೇಗೆ ಹೋಯಿತು ಅಂತ ನಮಗೆ ಬರೆಯಿರಿ. ಪ್ರವಾಸದ ಫೋಟೋ ಬೇಡ, ಪಿಂಕಿಯದು ಒಂದು ಕಳಿಸಿ.